ಸಂತರ ಮೂಳೆ, ಬೆರಳಗಲದ ಚೀಟಿ

ಮೊದಲೇ ಹೇಳಿಬಿಡುತ್ತೇನೆ. ನಾನು ಇತಿಹಾಸ ಓದಿದವಳಲ್ಲ, ಚರ್ಚಿಗೆ ಹೋಗುವವಳೂ ಅಲ್ಲ. 31 ವರ್ಷ ಆಸ್ಪತ್ರೆ ಲ್ಯಾಬಿನಲ್ಲಿ ರಕ್ತ, ಕಫ, ಮೂತ್ರ ಅಂತ ಪರೀಕ್ಷೆ ಮಾಡಿ ರಿಟೈರ್ ಆದವಳು. ಆ ಕೆಲಸದಲ್ಲಿ ಮೈಕ್ರೋಸ್ಕೋಪಿಗಿಂತ ಮುಖ್ಯವಾದದ್ದು ಒಂದಿದೆ. ಟ್ಯೂಬಿನ ಮೇಲಿನ ಹೆಸರಿನ ಚೀಟಿ. ಅದು ಬಿದ್ದುಹೋದರೆ ಒಳಗಿನ ರಕ್ತ ಯಾರದ್ದೂ ಅಲ್ಲ. ಚೆಲ್ಲಬೇಕು, ಅಷ್ಟೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಫ್ರಿಜ್‌ನಲ್ಲಿ ಐಸ್ ಕರಗಿ 11 ಟ್ಯೂಬ್‌ಗಳ ಹೆಸರು ಅಳಿಸಿಹೋಗಿತ್ತು. ಇಂಕ್ ಪೆನ್ನಿನಲ್ಲಿ ಬರೆದವಳು ನಾನೇ. ಹತ್ತು ಜನ ಬೈದುಕೊಂಡು ಮತ್ತೆ ಕೈ ಚಾಚಿದರು. ಹನ್ನೊಂದನೆಯವರು ಒಬ್ಬ ಅಜ್ಜ. ಅಷ್ಟರಲ್ಲಿ ಊರಿನ ಬಸ್ ಹತ್ತಿಬಿಟ್ಟಿದ್ದರು. ಮತ್ತೆ ಬರಲೇ ಇಲ್ಲ.

ಮಗಳು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿದ್ದಾಳೆ. ಒಂದು ದಿನ ಫೋನಿಗೆ ಫೋಟೋ ಕಳಿಸಿದಳು. ಬೆರಳಗಲದ ಹಳದಿ ಚರ್ಮದ ಪಟ್ಟಿ. ಅದರ ಮೇಲೆ ಇರುವೆ ಸಾಲಿನ ಹಾಗೆ ಅಕ್ಷರ. ಕೆಳಗೆ ಅವಳ ಒಕ್ಕಣೆ: "ಅಮ್ಮ, ಇವ್ರು ನಿಮ್ ಕೆಲ್ಸದವ್ರೇ. 1300 ವರ್ಷ ಹಳೇ ಲೇಬಲ್!"

ವಿಷಯ ಇಷ್ಟು. ಏಳು ಎಂಟನೇ ಶತಮಾನದ ಯೂರೋಪಿನಲ್ಲಿ ಕ್ರೈಸ್ತ ಸಂತರ ಮೂಳೆಯ ಚೂರು, ಬಟ್ಟೆಯ ತುಂಡು, ಸಮಾಧಿಯ ಮಣ್ಣು, ಪುಣ್ಯಸ್ಥಳದ ಕಲ್ಲು, ಇಂಥವನ್ನು ಪುಟ್ಟ ಪುಟ್ಟ ಗಂಟು ಕಟ್ಟಿ ಇಡುತ್ತಿದ್ದರು. ಪ್ರತಿ ಗಂಟಿಗೂ ಒಂದು ಚೀಟಿ: ಇದು ಇಂಥ ಸಂತರದ್ದು. ಆಮೇಲೆ ಅವನ್ನೆಲ್ಲ ಕರಡಿಗೆಯಲ್ಲಿಟ್ಟು ಮುಚ್ಚುವುದು. ನೂರಾರು ವರ್ಷ ಆದಮೇಲೆ ಕರಡಿಗೆ ತೆರೆದವರಿಗೆ ಮೂಳೆ ಪುಡಿಯಾಗಿ ಸಿಕ್ಕರೂ ಚೀಟಿ ಓದುವ ಹಾಗೇ ಉಳಿದಿತ್ತು. ಅವು ಸಿಕ್ಕ ಊರುಗಳಿಗೆಲ್ಲ ಹೋಗೋಣ ಅಂತ ಹಠ ಹಿಡಿದವಳು ನಾನೇ.

ಯಜಮಾನರು ಬರಲಿಲ್ಲ. ಮೊಣಕಾಲು ನೋವು ಒಂದು, ಮೂಳೆ ನೋಡೋಕೆ ಅಷ್ಟು ದೂರ ಯಾಕೆ ಅನ್ನುವ ತಕರಾರು ಇನ್ನೊಂದು. ಅವರಿಗೆ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೋರಿಸಿಕೊಟ್ಟು ಹೊರಟೆ.

ಮೊದಲ ದಿನ: ಮೊಂಜಾ

ಮಿಲಾನಿಗೆ ಟಿಕೆಟ್ ಅಗ್ಗ ಇತ್ತು. ಮಗಳು ಅಲ್ಲಿಗೇ ಬಂದು ಸೇರಿಕೊಂಡಳು. ಮಿಲಾನಿನಿಂದ ಮೊಂಜಾ ಹತ್ತಿರ, ಟ್ರೈನಿನಲ್ಲಿ ಕಾಲು ಗಂಟೆ. ಊರಿನ ಹೆಸರು ಕಾರ್ ರೇಸಿನಿಂದ ನಿಮಗೆ ಗೊತ್ತಿರಬಹುದು. ನಾವು ಹೋದದ್ದು ರೇಸಿನ ಕಡೆಗಲ್ಲ, ಕ್ಯಾಥೆಡ್ರಲ್ ಕಡೆಗೆ. ಬಿಳಿ ಹಸಿರು ಪಟ್ಟೆಯ ಅಮೃತಶಿಲೆಯ ಮುಂಭಾಗ, ಸೀರೆಯ ಅಂಚಿನ ಹಾಗೆ ಕಾಣುತ್ತದೆ.

ಇದನ್ನು ಮೊದಲು ಕಟ್ಟಿಸಿದವಳು ಥಿಯೊಡೆಲಿಂಡಾ. ಆಗ ಇಟಲಿಯ ಈ ಭಾಗ ಆಳುತ್ತಿದ್ದ ಲೊಂಬಾರ್ಡರ ರಾಣಿ, 627ರಲ್ಲಿ ತೀರಿಕೊಂಡಳು. ಮ್ಯೂಸಿಯಂನಲ್ಲಿ ಅವಳ ಕಾಲದ ಒಡವೆ ವಸ್ತುಗಳಿವೆ. ಏಳು ಮರಿಗಳ ಜೊತೆ ಕಾಳು ಹೆಕ್ಕುವ ಚಿನ್ನದ ಲೇಪದ ಬೆಳ್ಳಿ ಕೋಳಿಯೊಂದಿದೆ. ಎಲ್ಲರೂ ಅದರ ಮುಂದೆ ಫೋಟೋ ತೆಗೆಯುತ್ತಾರೆ. ನಾನೂ ತೆಗೆದೆ, ಸುಳ್ಳು ಯಾಕೆ ಹೇಳಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಎಣ್ಣೆ ಶೀಸೆಗಳು. ಅವುಗಳಲ್ಲಿ ಎರಡು ಬಗೆ.

ಗಾಜಿನವು ರೋಮಿನಿಂದ ಬಂದವು. ಪೋಪ್ ಗ್ರೆಗರಿಯ ಕಾಲದಲ್ಲಿ, ಅಂದರೆ 590ರಿಂದ 604ರ ನಡುವೆ, ಯೋಹಾನ್ ಎಂಬಾತ ರೋಮಿನ ಸುತ್ತಲಿನ ಹುತಾತ್ಮರ ಸಮಾಧಿಗಳಿಗೆ ಒಂದೊಂದಾಗಿ ಹೋದ. ಅಲ್ಲಿ ಉರಿಯುವ ದೀಪಗಳ ಎಣ್ಣೆಯನ್ನು ಶೀಸೆಗೆ ತುಂಬಿಸಿಕೊಂಡ. ರಾಣಿಗೆ ತಂದುಕೊಟ್ಟ. ನಮ್ಮಲ್ಲಿ ದೇವರ ದೀಪದ ಎಣ್ಣೆಯನ್ನು ಹಣೆಗೆ ಹಚ್ಚಿಕೊಳ್ಳುವುದಿಲ್ಲವಾ, ಹಾಗೆ.

ಮೂಳೆಯನ್ನೇ ಯಾಕೆ ತರಲಿಲ್ಲ? ಅದಕ್ಕೂ ಗ್ರೆಗರಿಯೇ ಕಾರಣ. 594ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಮಹಾರಾಣಿ ಸಂತ ಪೌಲನ ತಲೆಯನ್ನು ಕಳಿಸಿ ಎಂದು ಕೇಳಿದ್ದಳು. ಗ್ರೆಗರಿ ನಯವಾಗಿ ಇಲ್ಲ ಎಂದು ಬರೆದ. ರೋಮಿನಲ್ಲಿ ಸಂತರ ದೇಹ ಮುಟ್ಟುವ ಪದ್ಧತಿ ಇಲ್ಲ, ಸಮಾಧಿಯ ಹತ್ತಿರ ಇಟ್ಟ ಬಟ್ಟೆ ಕೊಡುತ್ತೇವೆ, ಬೇಕಾದರೆ ಪೌಲನ ಸರಪಳಿಯನ್ನು ಅರದಲ್ಲಿ ಉಜ್ಜಿ ಪುಡಿ ಕಳಿಸುತ್ತೇನೆ ಅಂದ. ಅದೇ ಕಾಗದದಲ್ಲಿ ಇನ್ನೊಂದು ವಿಷಯವಿದೆ. ಪೌಲನ ಚರ್ಚಿನ ಹತ್ತಿರದ ಬಯಲಿನಲ್ಲಿ ರಾತ್ರಿ ಹೊತ್ತು ಕೆಲವು ಗ್ರೀಕ್ ಸನ್ಯಾಸಿಗಳು ಹೆಣ ಅಗೆಯುತ್ತಾ ಸಿಕ್ಕಿಬಿದ್ದರಂತೆ. ವಿಚಾರಿಸಿದರೆ, ಆ ಮೂಳೆಗಳನ್ನು ಊರಿಗೆ ಒಯ್ದು ಸಂತರದ್ದು ಅಂತ ಹೇಳುವ ಯೋಚನೆ ಇತ್ತು ಅಂದರಂತೆ.

ಇಂಥವರು ಓಡಾಡುತ್ತಿದ್ದ ಕಾಲ. ಚೀಟಿಗೆ ಎಷ್ಟು ಬೆಲೆ ಇದ್ದಿರಬೇಕು ನೀವೇ ಯೋಚಿಸಿ.

ಯೋಹಾನ್ ಪಪೈರಸ್ ಮೇಲೆ, ಅಂದರೆ ಜೊಂಡಿನಿಂದ ಮಾಡಿದ ಕಾಗದದ ಮೇಲೆ, ಚೀಟಿ ಬರೆದು ಶೀಸೆಗಳಿಗೆ ಕಟ್ಟಿದ್ದ. ಅಷ್ಟೇ ಅಲ್ಲ, ಎಲ್ಲವನ್ನೂ ಸೇರಿಸಿ ಬೇರೆ ಪಟ್ಟಿಯನ್ನೂ ಮಾಡಿದ್ದ. ಟ್ಯೂಬಿಗೊಂದು ಲೇಬಲ್, ರಿಜಿಸ್ಟರಿನಲ್ಲೊಂದು ಎಂಟ್ರಿ! ನಮ್ಮ ಲ್ಯಾಬಿಗೆ ಹೊಸದಾಗಿ ಬರುವ ಹುಡುಗರಿಗೆ ಇದನ್ನು ಕಲಿಸಲು ನನಗೆ ಆರು ತಿಂಗಳು ಬೇಕಾಗುತ್ತಿತ್ತು. ಪಟ್ಟಿಯಲ್ಲಿ ಪೇತ್ರ, ಪೌಲ, ಪಂಕ್ರಾಸ್, ಸೆಬಾಸ್ಟಿಯನ್, ಆಗ್ನೆಸ್ ಹೀಗೆ ಹೆಸರುಗಳು ಸಾಗುತ್ತವೆ. ಪೇತ್ರ ಮೊದಲು ಕೂತಿದ್ದ ಪೀಠದ ಹತ್ತಿರದ ಎಣ್ಣೆಯೂ ಇದೆ. ಹೆಸರುಗಳು ರೋಮಿನಿಂದ ಹೊರಡುವ ರಸ್ತೆಗಳ ಗುಂಪಿನಲ್ಲೇ ಬರುವುದರಿಂದ, ಆತ ಯಾವ ದಾರಿಯಲ್ಲಿ ನಡೆದ ಅಂತ ವಿದ್ವಾಂಸರು ಹಿಂದಿನಿಂದ ಲೆಕ್ಕ ಹಾಕಿದ್ದಾರೆ. ಮರೆತುಹೋಗಿದ್ದ ನೆಲಮಾಳಿಗೆ ಸಮಾಧಿಗಳನ್ನು ಗುರುತಿಸಲೂ ಈ ಪಟ್ಟಿ ನೆರವಾಯಿತು.

ಒಂದು ಕಡೆ ಆತನಿಗೆ ಹೆಸರು ಸಿಗಲಿಲ್ಲ. ಆಗ ಏನು ಮಾಡಿದ ಗೊತ್ತಾ? ಎಣಿಕೆ ಬರೆದ. ಸಾವಿರಾರು ಸಂತರು, ಮತ್ತೆ 262 ಜನ, ಮತ್ತೆ 122, ಮತ್ತೆ 46, ಇವರನ್ನೆಲ್ಲ ಹೂಳಿದವನು ಜಸ್ಟಿನ್ ಎಂಬ ಪಾದ್ರಿ ಅಂತ. ಕೊನೆಗೆ ತನ್ನ ಬಗ್ಗೆ ಎರಡೇ ಮಾತು: ಅಯೋಗ್ಯ, ಪಾಪಿ.

"ಇವ್ನನ್ನ ನಾನು ಕೆಲ್ಸಕ್ಕೆ ತಗೋತಿದ್ದೆ" ಅಂದೆ. ಮಗಳು ಸುತ್ತ ನೋಡಿ, "ಮೆಲ್ಲಗೆ ಅಮ್ಮ" ಅಂದಳು.

ಎರಡನೇ ಬಗೆಯವು ಲೋಹದವು, ತವರ ಸೀಸದ ಮಿಶ್ರಣ. ಜೆರುಸಲೇಮಿನ ಕಡೆಯಿಂದ ಬಂದವು. ಮೊಂಜಾದಲ್ಲಿ ಇಂಥವು 16 ಇವೆ. ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು, ಚಪ್ಪಟೆ. ಯೇಸುವಿನ ಜೀವನದ ಚಿತ್ರಗಳು, ಸುತ್ತ ಗ್ರೀಕ್ ಅಕ್ಷರ: "ಕ್ರಿಸ್ತನ ಪುಣ್ಯಸ್ಥಳಗಳಿಂದ ತಂದ, ಜೀವವೃಕ್ಷದ ಎಣ್ಣೆ." ಜೀವವೃಕ್ಷ ಅಂದರೆ ಯೇಸುವಿನ ಶಿಲುಬೆ. ಇಲ್ಲಿ ಲೇಬಲ್ ಅಂಟಿಸಿಲ್ಲ, ಅಚ್ಚಿನಲ್ಲೇ ಎರಕ ಹೊಯ್ದಿದ್ದಾರೆ. ಬೀಳುವ ಭಯವಿಲ್ಲ, ಅಳಿಸುವ ಭಯವಿಲ್ಲ. ಆದರೆ ಖಾಲಿ ಶೀಸೆಗೆ ಅಂಗಡಿ ಎಣ್ಣೆ ತುಂಬಿದರೂ ಅದು ಹಾಗೇ ಹೇಳುತ್ತದೆ ಅಲ್ವಾ? ನನಗೆ ಯೋಹಾನನ ಪಪೈರಸ್ ಚೀಟಿಯ ಮೇಲೇ ನಂಬಿಕೆ ಜಾಸ್ತಿ. 570ರ ಸುಮಾರಿಗೆ ಜೆರುಸಲೇಮಿಗೆ ಹೋಗಿದ್ದ ಇಟಲಿಯ ಯಾತ್ರಿಕನೊಬ್ಬ ಎಣ್ಣೆ ತುಂಬುವ ರೀತಿಯನ್ನು ಬರೆದಿಟ್ಟಿದ್ದಾನೆ. ಅರ್ಧ ತುಂಬಿದ ಶೀಸೆಯ ಬಾಯನ್ನು ಶಿಲುಬೆಗೆ ಮುಟ್ಟಿಸಿದರೆ ಎಣ್ಣೆ ಉಕ್ಕುತ್ತದಂತೆ, ಬೇಗ ಮುಚ್ಚದಿದ್ದರೆ ಚೆಲ್ಲಿಹೋಗುತ್ತದಂತೆ.

ಕಬ್ಬಿಣದ ಕಿರೀಟ ಅಂತ ಹೆಸರಾದ ಚಿನ್ನದ ಕಿರೀಟವೂ ಈ ಚರ್ಚಿನಲ್ಲೇ ಇದೆ. ಒಳಗಿನ ತೆಳು ಪಟ್ಟಿ ಯೇಸುವಿಗೆ ಹೊಡೆದ ಮೊಳೆಯಿಂದ ಮಾಡಿದ್ದು ಅಂತ ಪ್ರತೀತಿ. 1993ರಲ್ಲಿ ಪರೀಕ್ಷೆ ಮಾಡಿದಾಗ ಪಟ್ಟಿ ಬೆಳ್ಳಿ ಎಂದು ತಿಳಿಯಿತು. ಹೆಸರು ಮಾತ್ರ ಇನ್ನೂ ಕಬ್ಬಿಣದ ಕಿರೀಟವೇ. ಲೇಬಲ್ ಒಮ್ಮೆ ಕೂತರೆ ಏಳುವುದಿಲ್ಲ.

ಎರಡನೇ ದಿನ: ಟ್ರೈನಿನಲ್ಲಿ

ಇವತ್ತು ಬರೀ ಪ್ರಯಾಣ. ಮಿಲಾನಿನಿಂದ ಮಾಜ್ಜೋರೆ ಸರೋವರದ ದಂಡೆ ಹಿಡಿದು ಆಲ್ಪ್ಸ್ ಕಡೆಗೆ. ಡೊಮೊಡೊಸ್ಸೊಲಾ ದಾಟಿದ ಮೇಲೆ ಸಿಂಪ್ಲಾನ್ ಸುರಂಗ, ಸುಮಾರು 20 ಕಿಲೋಮೀಟರ್. 1906ರಲ್ಲಿ ತೆರೆದದ್ದು. ಇಟಲಿಯ ಬಿಸಿಲಿನಲ್ಲಿ ಒಳಗೆ ಹೋದ ನಾವು ಸ್ವಿಟ್ಜರ್ಲೆಂಡಿನ ಮಳೆಯಲ್ಲಿ ಹೊರಬಂದೆವು. ಸಿಯೋನ್‌ನಲ್ಲಿ ಇಳಿದು ಲೋಕಲ್ ಟ್ರೈನ್ ಹಿಡಿದೆವು. ಬುತ್ತಿಯಲ್ಲಿದ್ದ ಚಪಾತಿ, ಚಟ್ನಿಪುಡಿ ಸುರಂಗದಲ್ಲೇ ಮುಗಿದಿತ್ತು.

ದಾರಿಯಲ್ಲಿ ಮಗಳು ಕೇಳಿದಳು, "ನಮ್ ಕಡೆ ಇಂಥದ್ದು ಇಲ್ವಾಮ್ಮ?" ನನಗೆ ಕನಗನಹಳ್ಳಿ ನೆನಪಾಯಿತು. ಕಲಬುರಗಿ ಜಿಲ್ಲೆ, ಸನ್ನತಿಯ ಪಕ್ಕ. ಅಲ್ಲಿನ ಬೌದ್ಧ ಸ್ತೂಪದ ಕಲ್ಲೊಂದರಲ್ಲಿ ರಾಜ, ರಾಣಿ, ಚಾಮರದವರು ಇದ್ದಾರೆ. ಮೇಲೆ ಬ್ರಾಹ್ಮಿಯಲ್ಲಿ ಚಿಕ್ಕದಾಗಿ ಕೆತ್ತಿದ್ದಾರೆ: ರಾಯ ಅಸೋಕ. ಆ ಅಕ್ಷರ ಇಲ್ಲದಿದ್ದರೆ ಯಾರೋ ಒಬ್ಬ ರಾಜ ಅಂತ ಹೇಳಿ ಮುಂದೆ ಹೋಗುತ್ತಿದ್ದೆವು. ಮಹಿಳಾ ಸಂಘದ ಟೂರಿನಲ್ಲಿ ಹೋದಾಗ ನಾವು ನಿಜಕ್ಕೂ ಹಾಗೇ ಮುಂದೆ ಹೋಗಿದ್ದೆವು. ಗೈಡ್ ವಾಪಸ್ ಕರೆದು ತೋರಿಸಿದ.

ಮೂರನೇ ದಿನ: ಸೇಂಟ್ ಮೋರಿಸ್

ರೋನ್ ನದಿಯ ಕಣಿವೆ ಇಲ್ಲಿ ಕತ್ತು ಹಿಸುಕಿದ ಹಾಗೆ ಕಿರಿದಾಗುತ್ತದೆ. ಮಠದ ಬೆನ್ನಿಗೇ ಕಡಿದಾದ ಬಂಡೆ. 1942ರಲ್ಲಿ ಅದೇ ಬಂಡೆಯಿಂದ ಕಲ್ಲು ಉರುಳಿ ಗಂಟೆಗೋಪುರಕ್ಕೆ ಬಡಿದಿತ್ತು. ಆದರೂ ಮಠದವರು ಜಾಗ ಬಿಟ್ಟಿಲ್ಲ. 515ರಲ್ಲಿ ಬರ್ಗಂಡಿಯ ರಾಜಮನೆತನದ ಸಿಗಿಸ್ಮುಂಡ್ ಕಟ್ಟಿಸಿದ ಮಠ, ಇವತ್ತಿನವರೆಗೂ ನಡೆದು ಬಂದಿದೆ. ಆಗಿನ ಸನ್ಯಾಸಿಗಳು ತಂಡ ಮಾಡಿಕೊಂಡು ಸರದಿಯಂತೆ ಹಗಲೂ ರಾತ್ರಿ ಸ್ತೋತ್ರ ಹಾಡುತ್ತಿದ್ದರಂತೆ. ನಮ್ಮ ಅಖಂಡ ಭಜನೆ! ಹಳೇ ಚರ್ಚುಗಳ ಅಡಿಪಾಯಗಳು ಬಂಡೆಯ ಬುಡದಲ್ಲೇ ಇವೆ, ನಡೆದುಕೊಂಡು ನೋಡಬಹುದು.

ಕಥೆ ಹೀಗಿದೆ. ರೋಮನ್ ಸೈನ್ಯದಲ್ಲಿ ಈಜಿಪ್ಟಿನ ಥೀಬ್ಸ್ ಕಡೆಯ ದಳ, ಎಲ್ಲರೂ ಕ್ರೈಸ್ತರು. ನಾಯಕ ಮೋರಿಸ್. ತಮ್ಮ ಧರ್ಮದವರನ್ನೇ ಹಿಡಿಯಲು ಒಪ್ಪದೆ ಇಲ್ಲಿ ತಲೆ ಕೊಟ್ಟರು. ಇದು ನಿಜವಾಗಿ ಹೀಗೇ ನಡೆಯಿತಾ ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ, ನಾನು ಅದರ ನಡುವೆ ಬರುವುದಿಲ್ಲ. ಐದನೇ ಶತಮಾನದಲ್ಲಿ ಲಿಯೋನಿನ ಬಿಷಪ್ ಯುಕೇರಿಯಸ್ ಈ ಕಥೆ ಬರೆದ. ದಳದಲ್ಲಿದ್ದವರು 6,600 ಜನ ಅನ್ನುತ್ತಾನೆ. ಅವನಿಗೆ ಗೊತ್ತಿದ್ದ ಹೆಸರು ನಾಲ್ಕೇ: ಮೋರಿಸ್, ಎಕ್ಸುಪೀರಿಯಸ್, ಕ್ಯಾಂಡಿಡಸ್, ವಿಕ್ಟರ್. ಉಳಿದವರ ಹೆಸರು ನಮಗೆ ತಿಳಿಯದು, ಆದರೆ ಜೀವದ ಪುಸ್ತಕದಲ್ಲಿ ಬರೆದಿದೆ ಎಂದು ಮುಂದೆ ಹೋಗುತ್ತಾನೆ.

ಈ ಮಾತು ಚೀಟಿಗಳ ಲೋಕಕ್ಕೂ ಸೇರಿದ್ದು. ಹೆಸರು ಕಳೆದುಹೋದ ಅವಶೇಷಗಳಿಗೆ ಒಂದು ಸಾಮಾನ್ಯ ಒಕ್ಕಣೆ ಬಳಕೆಯಲ್ಲಿತ್ತು: "ಇವರ ಹೆಸರು ದೇವರಿಗೆ ಗೊತ್ತು." ಚೀಟಿ ಇಲ್ಲ ಅಂತ ಚೆಲ್ಲುವ ಹಾಗಿರಲಿಲ್ಲ. ಗೊತ್ತಿಲ್ಲ ಅನ್ನುವುದನ್ನೇ ಬರೆದು ಇಡುತ್ತಿದ್ದರು. ನನಗೆ ಆ ಹನ್ನೊಂದನೇ ಟ್ಯೂಬಿನ ಅಜ್ಜ ನೆನಪಾದರು. ಅವರ ರಕ್ತವನ್ನು ಚೆಲ್ಲಿದ್ದು ನಾನೇ. ಅಜ್ಜ ಯಾವ ಊರಿನವರು ಅಂತಲೂ ಈಗ ನೆನಪಿಲ್ಲ.

ಮಠದ ಸಂಪತ್ತಿನ ಕೋಣೆಯಲ್ಲಿ ಏಳನೇ ಶತಮಾನದ ಒಂದು ಪುಟ್ಟ ಕರಡಿಗೆ ಇದೆ. ಚಿನ್ನದ ಮನೆ ಮನೆಗಳಲ್ಲಿ ಕೆಂಪು ಗಾರ್ನೆಟ್ ಕೂರಿಸಿದ್ದಾರೆ. ಮುಂದಿನಿಂದ ನೋಡಿದರೆ ಕಣ್ಣು ಕೋರೈಸುತ್ತದೆ. ಹಿಂದೆ ಹೋಗಿ ನೋಡಿ. ಅಲ್ಲಿ ಬರೀ ಅಕ್ಷರ, ಓರೆ ಗೆರೆಗಳ ಜಾಲರಿಯ ನಡುವೆ. ಟ್ಯೂಡೆರಿಗಸ್ ಎಂಬ ಪಾದ್ರಿ ಸಂತ ಮೋರಿಸನ ಗೌರವಕ್ಕೆ ಇದನ್ನು ಮಾಡಿಸಿದ. ನೋರ್ಡೊಆಲಾಸ್, ರಿಹ್ಲಿಂಡಿಸ್ ಮಾಡಿಸಲು ಹೇಳಿದರು. ಉಂಡಿಹೊ, ಎಲ್ಲೊ ಮಾಡಿದರು. ದುಡ್ಡು ಕೊಟ್ಟವರ ಜೊತೆ ಕೈಕೆಲಸದವರ ಹೆಸರೂ ಇದೆ, ನೋಡಿ ಖುಷಿಯಾಯಿತು. ಆದರೆ ಒಳಗೆ ಏನಿದೆ? ಪೆಟ್ಟಿಗೆ ಅದನ್ನು ಹೇಳುವುದಿಲ್ಲ. ಅದು ಚೀಟಿಯ ಕೆಲಸ.

ಈ ಮಠದ ಚೀಟಿಗಳಲ್ಲಿ ಅತ್ಯಂತ ಹಳೆಯವು ಏಳು, ಎಂಟನೇ ಶತಮಾನದವು. ಅವು ಇರುವುದು ಹಸ್ತಪ್ರತಿಗಳ ಜೊತೆ. ನಮ್ಮಂಥವರ ಕೈಗೆ ಕೊಡುವ ಸರಕಲ್ಲ. ನಾನು ಫೋಟೋಗಳನ್ನು ಮೊದಲೇ ನೋಡಿಕೊಂಡು ಬಂದಿದ್ದೆ. ಮಠದ ಅಂಗಳದ ಬೆಂಚಿನಲ್ಲಿ ಕೂತು ಮತ್ತೊಮ್ಮೆ ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಚರ್ಮದ ಅಂಚು ಸೊಟ್ಟ. ದೊಡ್ಡ ಹಾಳೆ ಕತ್ತರಿಸಿ ಉಳಿದ ಚೂರಿನಲ್ಲಿ ಬರೆದದ್ದು. ಇಷ್ಟು ಚಿನ್ನ ಇದ್ದ ಮಠ, ಚೀಟಿಗೆ ಮಾತ್ರ ಕಟಿಂಗ್ ಪೀಸು!

ನಾಲ್ಕನೇ ದಿನ: ಲೋಸಾನ್‌ನಿಂದ ಪ್ಯಾರಿಸ್

ರಾತ್ರಿ ಮಗಳ ಮನೆಯಲ್ಲಿ ಉಳಿದು, ಅನ್ನ ಸಾರು ಉಂಡು, ಬೆಳಿಗ್ಗೆ ಪ್ಯಾರಿಸ್ ಟ್ರೈನ್ ಹತ್ತಿದೆವು. ಸುಮಾರು ನಾಲ್ಕು ಗಂಟೆಯ ದಾರಿ. ಎದುರಿಗೆ ಕೂತಿದ್ದ ಹೆಂಗಸು ಇಡೀ ದಾರಿ ಸ್ವೆಟರ್ ಹೆಣೆದರು. ಮಗಳು ಲ್ಯಾಪ್‌ಟಾಪ್ ಕೆಲಸ. ನಾನು ಐನ್‌ಹಾರ್ಡನ ಕಥೆ ಓದಿದೆ.

ಐನ್‌ಹಾರ್ಡ್ ಅಂದರೆ ಶಾರ್ಲ್‌ಮೇನ್ ಚಕ್ರವರ್ತಿಯ ಚರಿತ್ರೆ ಬರೆದವನು. ದೊಡ್ಡ ಮನುಷ್ಯ. ತನ್ನ ಹೊಸ ಚರ್ಚಿಗೆ ಸಂತರ ಅವಶೇಷ ಬೇಕಾಗಿತ್ತು. 787ರಲ್ಲಿ ನೈಸಿಯಾದಲ್ಲಿ ಸೇರಿದ್ದ ಬಿಷಪ್ಪರ ಸಭೆಯೇ ಹೇಳಿತ್ತಲ್ಲ, ಅವಶೇಷ ಇಡದೆ ಚರ್ಚನ್ನು ಪ್ರತಿಷ್ಠೆ ಮಾಡಕೂಡದು ಅಂತ. ರೋಮಿನಲ್ಲಿ ಡೇಯುಸ್‌ಡೋನಾ ಎಂಬ ಡೀಕನ್, ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನವನು, ಇದನ್ನೇ ದಂಧೆ ಮಾಡಿಕೊಂಡಿದ್ದ. 827ರಲ್ಲಿ ಐನ್‌ಹಾರ್ಡನ ಕಾರ್ಯದರ್ಶಿ ರೋಮಿಗೆ ಹೋಗಿ, ರಾತ್ರೋರಾತ್ರಿ ಸಮಾಧಿ ಒಡೆದು, ಮಾರ್ಸೆಲಿನಸ್, ಪೀಟರ್ ಎಂಬ ಇಬ್ಬರು ಹುತಾತ್ಮರ ಅವಶೇಷ ಎತ್ತಿಕೊಂಡು ಬಂದ. ಇದನ್ನು ಕಳ್ಳತನ ಅನ್ನಬೇಕಲ್ಲವಾ? ಅವರು ಹಾಗೆ ಅನ್ನುವುದಿಲ್ಲ. ಸಂತರಿಗೆ ಬರಲು ಇಷ್ಟ ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ ಅನ್ನುವುದು ಅವರ ವಾದ.

ತಮಾಷೆ ಆಮೇಲೆ ಶುರುವಾಗುತ್ತದೆ. ಜೊತೆಯಲ್ಲಿ ಬಂದಿದ್ದ ಇನ್ನೊಂದು ಮಠದ ಪಾದ್ರಿ, ಲಂಚ ಕೊಟ್ಟು, ಕದ್ದ ಮಾಲಿನಿಂದಲೇ ಒಂದು ಪಾಲು ಕದ್ದಿದ್ದ! ಅದು ಸುವಾಸೋನ್ ಊರಿನ ಮಠದಲ್ಲಿ ಕೂತಿತ್ತು. ಐನ್‌ಹಾರ್ಡ್ ಅದನ್ನು ವಾಪಸ್ ಪಡೆಯಲು ಪಟ್ಟ ಪಾಡನ್ನು ತಾನೇ ಬರೆದಿಟ್ಟಿದ್ದಾನೆ. ಯಾವ ಪಾಲು ಎಲ್ಲಿಗೆ ಹೋಯಿತು ಅನ್ನುವ ಗೊಂದಲ ಊರೆಲ್ಲ ಹಬ್ಬಿದ ಮೇಲೆ ಅವನು ಇಡೀ ಕಥೆ ಬರೆಯಲು ಕೂತದ್ದು. ಒಂದು ಲೆಕ್ಕಕ್ಕೆ ಅದೂ ಚೀಟಿಯೇ, ಸ್ವಲ್ಪ ಉದ್ದ.

ಸಮಾಧಿ ತೆರೆದಾಗ ಘಮ್ ಅಂತ ಸುವಾಸನೆ ಬಂತು ಅನ್ನುವ ಮಾತು ಆ ಕಾಲದ ಕಥೆಗಳಲ್ಲಿ ಪದೇ ಪದೇ ಬರುತ್ತದೆ. ಸಂತರದ್ದೇ ಮೂಳೆ ಅನ್ನುವುದಕ್ಕೆ ಅದು ಪುರಾವೆ. ಲ್ಯಾಬಿನವಳಾದ ನನಗೆ ಇದನ್ನು ಓದಿ ನಗು ಬಂತು. ನಮಗೆ ವಾಸನೆ ಬಂದರೆ ಸ್ಯಾಂಪಲ್ ಕೆಟ್ಟಿದೆ ಅಂತ ಅರ್ಥ.

ಐದನೇ ದಿನ: ಸಾನ್ಸ್

ಪ್ಯಾರಿಸ್‌ನ ಬೆರ್ಸಿ ನಿಲ್ದಾಣದಿಂದ ಒಂದು ಗಂಟೆ. ಯೋನ್ ನದಿಯ ಪಕ್ಕದ ಶಾಂತ ಊರು. ಕ್ಯಾಥೆಡ್ರಲ್ ಅನ್ನು 1140ರ ಆಸುಪಾಸಿನಲ್ಲಿ ಶುರು ಮಾಡಿದರು. ಗಾಥಿಕ್ ಶೈಲಿಯ ಮೊದಮೊದಲ ಕ್ಯಾಥೆಡ್ರಲ್‌ಗಳಲ್ಲಿ ಇದು ಒಂದು. ಸಂಪತ್ತು ಪಕ್ಕದ ಮ್ಯೂಸಿಯಂನಲ್ಲಿ.

ಚೀಟಿ ನೋಡಲು ಹೋದವಳು ಬಟ್ಟೆ ನೋಡಿ ನಿಂತುಬಿಟ್ಟೆ. ಅವಶೇಷ ಸುತ್ತಿಡಲು ಬಳಸಿದ ರೇಷ್ಮೆ. ಬೈಜಾಂಟಿಯಂ, ಪರ್ಷಿಯಾ ಕಡೆಯಿಂದ ಬಂದ ಬಟ್ಟೆಗಳ ತುಂಡುಗಳು. ಸಂತ ವಿಕ್ಟರನ ಹೊದಿಕೆ ಅಂತ ಒಂದಿದೆ. ಒಬ್ಬ ಗಂಡಸು ಎರಡು ಕೈಯಲ್ಲಿ ಎರಡು ಸಿಂಹಗಳ ಕತ್ತು ಹಿಡಿದು ನಿಂತಿದ್ದಾನೆ. ಈ ವಿಕ್ಟರ್ ಯಾರು ಗೊತ್ತಾ? ಮೊನ್ನೆ ಸೇಂಟ್ ಮೋರಿಸ್‌ನಲ್ಲಿ ಕೇಳಿದ ನಾಲ್ಕು ಹೆಸರುಗಳಲ್ಲಿ ಕೊನೆಯವನು. ಎಂಟನೇ ಶತಮಾನದಲ್ಲಿ ವಿಲ್ಲಿಕಾರಿಯಸ್ ಎಂಬಾತ ಸಾನ್ಸ್‌ಗೆ ಆರ್ಚ್‌ಬಿಷಪ್, ಆ ಮಠಕ್ಕೂ ಮುಖ್ಯಸ್ಥ. ಅವನೇ ಅಲ್ಲಿಂದ ಇಲ್ಲಿಗೆ ವಿಕ್ಟರನ ಅವಶೇಷ ತಂದ ಅನ್ನುತ್ತಾರೆ. ನಾವು ಬಂದ ದಾರಿಯಲ್ಲೇ ಬಂದಿರಬೇಕು, ಹೆಚ್ಚೂಕಮ್ಮಿ.

ಇಲ್ಲಿನ ಚೀಟಿಗಳನ್ನು ಮೋರಿಸ್ ಪ್ರೂ, ಶಾರ್ತ್ರೇರ್ ಎಂಬ ಇಬ್ಬರು 1900ರಲ್ಲಿ ಅಚ್ಚು ಹಾಕಿಸಿದರು. ಮಗಳು ಅದರ ಕೆಲವು ಪುಟಗಳನ್ನು ಡೌನ್‌ಲೋಡ್ ಮಾಡಿಕೊಂಡಿದ್ದಳು. ಕಾಫಿ ಅಂಗಡಿಯಲ್ಲಿ ಕೂತು ಓದಿಸಿಕೊಂಡೆ. ಅವಳಿಗೆ ಫ್ರೆಂಚ್ ಬರುತ್ತದೆ, ಲ್ಯಾಟಿನ್ ಬರುವುದಿಲ್ಲ. ನನಗೆ ಎರಡೂ ಬರುವುದಿಲ್ಲ, ಆದರೆ ಕೆಟ್ಟ ಕೈಬರಹ ಓದಿ ಅಭ್ಯಾಸವಿದೆ. ಡಾಕ್ಟರುಗಳ ಕೃಪೆ.

ಈ ಚೀಟಿಗಳ ಮೇಲೆ ತಾರೀಖು ಇರುವುದಿಲ್ಲ. ಕೈಬರಹ ನೋಡಿಯೇ ಕಾಲ ಹೇಳಬೇಕು. ಏಳನೇ ಶತಮಾನದ್ದು ನಮ್ಮ ಮೋಡಿ ಬರಹದ ಹಾಗೆ, ಒಂದಕ್ಕೊಂದು ಸಿಕ್ಕಿಕೊಂಡ ಅಕ್ಷರಗಳು. ಎಂಟನೇ ಶತಮಾನದ ಕೊನೆಯ ಹೊತ್ತಿಗೆ ಶಾರ್ಲ್‌ಮೇನ್ ಕಾಲದ ದುಂಡು ಅಕ್ಷರ ಬರುತ್ತದೆ, ಬಿಡಿಬಿಡಿಯಾಗಿ. ಭಾಷೆಯೂ ಹಾಗೇ. ಹಳೇ ಚೀಟಿಗಳ ಲ್ಯಾಟಿನ್‌ನಲ್ಲಿ ಒಂದು ತಪ್ಪು ಮತ್ತೆ ಮತ್ತೆ ಬರುತ್ತದೆ. "ಇಲ್ಲಿ ಇಂಥ ಸಂತರ ಅವಶೇಷಗಳು ಇವೆ" ಅನ್ನಬೇಕಾದಲ್ಲಿ "ಅವಶೇಷಗಳನ್ನು ಇವೆ" ಅಂದ ಹಾಗೆ ಬರೆದಿರುತ್ತಾರೆ. ಹಿಂದಿನವರು ತಪ್ಪು ಬರೆಯುತ್ತಿದ್ದರು ಅಂತ ನಗಬಾರದು. ಬಾಯಿ ಮಾತಿನ ಲ್ಯಾಟಿನ್ ನಿಧಾನಕ್ಕೆ ಫ್ರೆಂಚ್ ಆಗಿ ತಿರುಗುತ್ತಿದ್ದ ಕಾಲ ಅದು. ಆಡುವ ಮಾತು ಬರಹಕ್ಕೆ ನುಸುಳುತ್ತಿತ್ತು. ನಾನು ಈಗ ಇಲ್ಲಿ ಬರೆಯುತ್ತಿರುವ ಕನ್ನಡವೂ ಅಷ್ಟೇ ತಾನೇ.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಚೀಟಿ ಹಳತಾಗಿ ಓದಲು ಬಾರದಂತಾದರೆ ಹೊಸದು ಬರೆಯುತ್ತಿದ್ದರು. ಆದರೆ ಹಳೆಯದನ್ನು ಎಸೆಯದೆ ಜೊತೆಯಲ್ಲೇ ಇಟ್ಟ ಉದಾಹರಣೆಗಳಿವೆ. ಒಂದೇ ಗಂಟಿಗೆ ಎರಡು ಶತಮಾನಗಳ ಎರಡು ಚೀಟಿ. ನಕಲು ಮಾಡುವಾಗ ತಪ್ಪಾದರೆ ಮೂಲ ಇರಲಿ ಅಂತಲೋ, ಸಂತರನ್ನು ಮುಟ್ಟಿಕೊಂಡಿದ್ದ ಚರ್ಮವನ್ನು ಎಸೆಯಬಾರದು ಅಂತಲೋ. ಎರಡೂ ಇರಬಹುದು.

ಮತ್ತೆ ಊರುಗಳ ಹೆಸರು ನೋಡಬೇಕು! ಗಾಲ್ ದೇಶದ, ಅಂದರೆ ಈಗಿನ ಫ್ರಾನ್ಸ್ ಕಡೆಯ ಸಂತರು, ರೋಮಿನ ಸಂತರು, ಪ್ಯಾಲೆಸ್ಟೈನಿನ ಪುಣ್ಯಸ್ಥಳದ ಕಲ್ಲು ಮಣ್ಣು. ವ್ಯಾಪಾರವೆಲ್ಲ ನಿಂತುಹೋಗಿ ಜನ ಮೂಲೆ ಸೇರಿದ್ದರು ಅಂತ ಹಿಂದೆ ಹೇಳುತ್ತಿದ್ದ ಕಾಲದಲ್ಲಿ, ಮೆಡಿಟರೇನಿಯನ್ ಸಮುದ್ರದ ಆಚೆಯಿಂದ ಯಾರೋ ಇದನ್ನೆಲ್ಲ ಹೊತ್ತು ತಂದಿದ್ದಾರೆ. ಹಾಗಾಗಿ ಈಗ ಇತಿಹಾಸಕಾರರು ಆ ಕಾಲದ ಓಡಾಟದ ಲೆಕ್ಕ ಹಾಕಲು ಸಾನ್ಸ್, ಶೆಲ್ ಊರುಗಳ ಚೀಟಿಗಳನ್ನು ಬಳಸುತ್ತಾರೆ. ಮೂಳೆ ನಿಜವಾ ಸುಳ್ಳಾ ಅನ್ನುವುದು ಅವರಿಗೆ ಮುಖ್ಯವಲ್ಲ. ಚೀಟಿ ನಿಜ.

ಆರನೇ ದಿನ: ಶೆಲ್

ಪ್ಯಾರಿಸ್‌ನ ಪೂರ್ವಕ್ಕೆ, ಲೋಕಲ್ ಟ್ರೈನ್ ದೂರ. ಅಪಾರ್ಟ್‌ಮೆಂಟು, ಬಸ್ ಸ್ಟಾಂಡು, ತರಕಾರಿ ಚೀಲ ಹಿಡಿದ ಜನ. ಪ್ರವಾಸಿಗಳು ಅಂತ ಇದ್ದದ್ದು ನಾವಿಬ್ಬರೇ.

ಇಲ್ಲಿ ಮಠ ಕಟ್ಟಿಸಿದ್ದು ರಾಣಿ ಬಾಥಿಲ್ಡ್. ಇಂಗ್ಲೆಂಡಿನ ಕಡೆಯಿಂದ ಗುಲಾಮಳಾಗಿ ಬಂದವಳು. ಎರಡನೇ ಕ್ಲೋವಿಸ್ ರಾಜನ ಕೈ ಹಿಡಿದಳು. ಅವನು ಸತ್ತ ಮೇಲೆ ಮಗನ ಪರವಾಗಿ ರಾಜ್ಯ ಆಳಿದಳು. ಕ್ರೈಸ್ತರನ್ನು ಗುಲಾಮರಾಗಿ ಮಾರುವುದನ್ನು ತಡೆದಳು. ಕೊನೆಗೆ ಇದೇ ಮಠದಲ್ಲಿ ಸನ್ಯಾಸಿನಿಯಾಗಿ 680ರ ಸುಮಾರಿಗೆ ತೀರಿಕೊಂಡಳು. ಅವಳದ್ದು ಅಂತ ಹೇಳುವ ನಾರುಬಟ್ಟೆಯ ಅಂಗಿಯೊಂದು ಉಳಿದಿದೆ. ಅದರ ಕುತ್ತಿಗೆಯ ಸುತ್ತ ಬಣ್ಣದ ರೇಷ್ಮೆಯಲ್ಲಿ ಹಾರಗಳನ್ನು ಕಸೂತಿ ಹಾಕಿದ್ದಾರೆ. ಚಿನ್ನ ಬಿಟ್ಟವಳಿಗೆ ದಾರದ ಒಡವೆ. ಫೋಟೋದಲ್ಲಿ ನೋಡಿದರೂ ಗಂಟಲು ಕಟ್ಟಿತು.

ಮಠ ಈಗಿಲ್ಲ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಹೋಯಿತು. ಆ ಜಾಗದಲ್ಲಿ ಪಾರ್ಕ್ ಇದೆ, ಮಕ್ಕಳು ಸೈಕಲ್ ಓಡಿಸುತ್ತಿದ್ದರು. ಅವಶೇಷದ ಪೆಟ್ಟಿಗೆಗಳು ದಿಬ್ಬದ ಮೇಲಿನ ಸೇಂಟ್ ಆಂದ್ರೆ ಚರ್ಚಿಗೆ ಬಂದವು. 1983ರಲ್ಲಿ ಪೆಟ್ಟಿಗೆಗಳನ್ನು ತೆರೆದು ನೋಡಿದಾಗ ನೂರಕ್ಕೂ ಹೆಚ್ಚು ಚೀಟಿ ಸಿಕ್ಕವು, ಏಳರಿಂದ ಒಂಬತ್ತನೇ ಶತಮಾನದ ಕಾಲದವು. ಅಲ್ಲಿಯವರೆಗೆ ಯಾರಿಗೂ ಇದರ ಸುಳಿವಿರಲಿಲ್ಲ.

ಚರ್ಚಿನ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಬೆಂಚಿನಲ್ಲಿ ಕೂತೆವು. ಶೆಲ್ ಹೆಂಗಸರ ಮಠ. ಎಂಟನೇ ಶತಮಾನದ ಕೊನೆಗೆ ಶಾರ್ಲ್‌ಮೇನನ ತಂಗಿ ಗಿಸೆಲಾ ಇಲ್ಲಿನ ಮುಖ್ಯಸ್ಥೆ. ಇಲ್ಲಿನ ಸನ್ಯಾಸಿನಿಯರು ಕಲೋನ್‌ನ ಬಿಷಪ್ಪನಿಗಾಗಿ ಸಂತ ಆಗಸ್ಟೀನನ ದೊಡ್ಡ ಗ್ರಂಥವೊಂದನ್ನು ನಕಲು ಮಾಡಿ, ತಾವು ಬರೆದ ಭಾಗಗಳ ಕೊನೆಗೆ ಹೆಸರು ಹಾಕಿದ್ದಾರೆ. ಗಿರ್ಬಾಲ್ಡಾ, ಗಿಸ್ಲಿಲ್ಡಿಸ್, ಆಗ್ಲೆಬೆರ್ಟಾ. ಚೀಟಿಗಳಿಗೆ ಮಾತ್ರ ಯಾರೂ ಹೆಸರು ಹಾಕಿಲ್ಲ. ಹಾಕುವ ಜಾಗವೂ ಇಲ್ಲ, ಸಂತರ ಹೆಸರಿಗೇ ಸಾಲದು. ಆದರೆ ಪೆನ್ನು ಹಿಡಿದದ್ದು ಇಂಥ ಹೆಂಗಸರೇ ಇರಬೇಕು ಅಂತ ನನಗನ್ನಿಸುತ್ತದೆ. ಸಂಜೆ ಬೆಳಕಿನಲ್ಲಿ, ಬೆರಳಗಲದ ಚೂರು, ಮಸಿ ಹರಡಬಾರದು, ಅಕ್ಷರ ತಪ್ಪಬಾರದು. ಆ ಕತ್ತು ನೋವು ನನಗೆ ಗೊತ್ತು.

"ನೀವು ಟ್ಯೂಬ್ ಮೇಲೆ ಸಹಿ ಹಾಕ್ತಿದ್ರಾಮ್ಮ?" ಮಗಳು ಕೇಳಿದಳು.

"ಇನಿಷಿಯಲ್ಲು. ಅದೂ ತಪ್ಪಾದ್ರೆ ಯಾರನ್ನ ಬೈಬೇಕು ಅಂತ ಗೊತ್ತಾಗ್ಲಿ ಅಂತ."

ವಾಪಸ್ ಟ್ರೈನ್ ಹತ್ತಿ ಕೂತಿದ್ದಷ್ಟೇ, ಯಜಮಾನರ ವಿಡಿಯೋ ಕಾಲ್. ಊರಿನಲ್ಲಿ ರಾತ್ರಿ ಎಂಟಾಗಿತ್ತು. ಒಲೆಯ ಮೇಲೆ ಬೇಳೆ ಕುದಿಯುವ ಸದ್ದು. ಎರಡು ಸ್ಟೀಲ್ ಡಬ್ಬಿಗಳನ್ನು ಕ್ಯಾಮೆರಾಗೆ ಹಿಡಿದರು. ಒಂದೇ ಸೈಜು, ಒಂದೇ ಮುಚ್ಚಳ, ಒಳಗೆ ಒಂದೇ ಬಣ್ಣದ ಪುಡಿ.

"ಇದ್ರಲ್ಲಿ ಸಾರಿನ್ ಪುಡಿ ಯಾವ್ದು, ಹುಳಿ ಪುಡಿ ಯಾವ್ದು? ಒಂದರ ಮೇಲಾದ್ರೂ ಚೀಟಿ ಅಂಟಿಸಿದ್ಯಾ ನೀನು?"

ಮಗಳು ನನ್ನ ಮುಖ ನೋಡಿದಳು. ನಾನು ಕಿಟಕಿ ಕಡೆ ತಿರುಗಿದೆ.

"ಮೂಸಿ ನೋಡ್ರೀ" ಅಂದೆ.